ಹಗಲು ಕಚೇರಿ, ರಾತ್ರಿ ಬ್ಯಾಂಡ್

ಮ್ಯಾಂಚೆಸ್ಟರ್ ಎಂದೊಡನೆ ನಮಗೆ ನೆನಪಾಗುವುದು ಪಠ್ಯಪುಸ್ತಕದ ಹತ್ತಿ ಗಿರಣಿಗಳು. ಆ ಗಿರಣಿಗಳು ಬಾಗಿಲು ಹಾಕಿಕೊಂಡ 1970ರ ದಶಕದಲ್ಲಿ ಅಲ್ಲೊಂದು ಹೊಸ ಸಂಗೀತ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಅನೇಕರು ತಿಂಗಳ ಸಂಬಳಕ್ಕೆ ದುಡಿಯುವ ಹುಡುಗರು.

1976ರ ಜೂನ್ 4ರಂದು ಊರಿನ ಸಣ್ಣ ಸಭಾಂಗಣವೊಂದರಲ್ಲಿ ಲಂಡನ್ನಿನ 'ಸೆಕ್ಸ್ ಪಿಸ್ತಲ್ಸ್' ಹಾಡಿತು. ಕೇಳಿದವರು ಬೆರಳೆಣಿಕೆಯಷ್ಟು, ತಾವೂ ಅಲ್ಲಿದ್ದೆವೆಂದು ಆಮೇಲೆ ಹೇಳಿಕೊಂಡವರು ಲೆಕ್ಕವಿಲ್ಲದಷ್ಟು! ನಿಜಕ್ಕೂ ಇದ್ದವರಲ್ಲಿ ಪೀಟರ್ ಹುಕ್ ಒಬ್ಬ. ಆತ ಮರುದಿನವೇ ಬೇಸ್ ಗಿಟಾರ್ ಕೊಂಡ. ಗೆಳೆಯ ಬರ್ನಾರ್ಡ್ ಸಮ್ನರ್ ಜೊತೆಗೂಡಿದ. ಮುಂದೆ ಇಯಾನ್ ಕರ್ಟಿಸ್, ಸ್ಟೀಫನ್ ಮಾರಿಸ್ ಬಂದು ಸೇರಿದರು. ಅದೇ 'ಜಾಯ್ ಡಿವಿಷನ್'.

ಸಮ್ನರ್ ಅನಿಮೇಷನ್ ಸ್ಟುಡಿಯೋದಲ್ಲಿದ್ದ, ಮಾರಿಸ್ ತಂದೆಯ ವ್ಯಾಪಾರದಲ್ಲಿ. ಕರ್ಟಿಸ್ ಸರ್ಕಾರಿ ನೌಕರ; ಮ್ಯಾಕಲ್ಸ್‌ಫೀಲ್ಡಿನ ಉದ್ಯೋಗ ವಿನಿಮಯ ಕಚೇರಿಯಲ್ಲಿ ಅಂಗವಿಕಲರಿಗೆ ಕೆಲಸ ಹುಡುಕಿಕೊಡುವುದು ಅವನ ಕೆಲಸ. ಮೊದಲ ರೆಕಾರ್ಡಿಗಾಗಿ ಅವನು ಬ್ಯಾಂಕಿನಿಂದ ಸಾಲ ತಂದದ್ದು ಮನೆಗೆ ಪೀಠೋಪಕರಣ ಕೊಳ್ಳುವ ನೆಪ ಹೇಳಿ. ಖಾಯಂ ಸಂಬಳವಿಲ್ಲದಿದ್ದರೆ ಆ ಸುಳ್ಳನ್ನು ನಂಬುವವರು ಯಾರು?

ಇವರನ್ನು ಗುರುತಿಸಿದ ಟೋನಿ ವಿಲ್ಸನ್ ಕೂಡ ನೌಕರನೇ, ಗ್ರನಾಡಾ ಟೀವಿಯ ವರದಿಗಾರ. ನಮ್ಮನ್ನೇಕೆ ಟೀವಿಯಲ್ಲಿ ತೋರಿಸಿಲ್ಲವೆಂದು 1978ರ ಏಪ್ರಿಲ್‌ನಲ್ಲಿ ಕರ್ಟಿಸ್ ಅವನ ಕೈಗೆ ಬೈಗುಳದ ಚೀಟಿ ಕೊಟ್ಟ. ಸೆಪ್ಟೆಂಬರಿನಲ್ಲಿ ವಿಲ್ಸನ್ ಅವರನ್ನು ತೆರೆಯ ಮೇಲೆ ತಂದ. ಅವನ ಮಟ್ಟಿಗೆ ನೌಕರಿಯೂ ಹೊಸ ಬ್ಯಾಂಡುಗಳ ಬೇಟೆಯೂ ಒಂದೇ ದಾರಿಯಲ್ಲಿ ಸಾಗಿದವು. 'ಫ್ಯಾಕ್ಟರಿ' ಎಂಬ ರೆಕಾರ್ಡ್ ಸಂಸ್ಥೆ ಕಟ್ಟಿದ ಮೇಲೂ ಅವನು ಟೀವಿ ಬಿಡಲಿಲ್ಲ.

ಕರ್ಟಿಸ್‌ಗೆ ಆ ಅನುಕೂಲವಿರಲಿಲ್ಲ. ಅವನಿಗೆ ಕಚೇರಿ ಕೊಟ್ಟದ್ದು ಹಾಡಿನ ವಸ್ತುವನ್ನು. ಅಲ್ಲಿಗೆ ಕೆಲಸ ಕೇಳಿಕೊಂಡು ಬರುತ್ತಿದ್ದ ಅಪಸ್ಮಾರವಿದ್ದ ಯುವತಿಯೊಬ್ಬಳು ತೀರಿಕೊಂಡಳು. 'ಷೀಸ್ ಲಾಸ್ಟ್ ಕಂಟ್ರೋಲ್' ಹುಟ್ಟಿದ್ದು ಅವಳಿಂದ. 1978ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹಾಡಿ ಕಾರಿನಲ್ಲಿ ಮರಳುವಾಗ ಅವನಿಗೇ ಫಿಟ್ಸ್ ಬಂತು. ಮುಂದಿನ ತಿಂಗಳು ವೈದ್ಯರು ಹೇಳಿದ್ದು ಅದೇ ಕಾಯಿಲೆಯ ಹೆಸರು. ಅಪಸ್ಮಾರಕ್ಕೆ ನಿದ್ದೆಗೇಡು ಆಗಿಬರದು. ಆದರೆ ಹಗಲು ಕಚೇರಿ, ರಾತ್ರಿ ಕಾರ್ಯಕ್ರಮ ಎಂದರೆ ಕಳೆದುಕೊಳ್ಳುವುದು ನಿದ್ದೆಯನ್ನೇ. 1979ರ ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಅವರ ಮೊದಲ ಆಲ್ಬಂ 'ಅನ್‌ನೋನ್ ಪ್ಲೆಷರ್ಸ್' ಧ್ವನಿಮುದ್ರಣವಾದಾಗಲೂ ನೌಕರಿ ಇದ್ದೇ ಇತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ 'ಬಜ್‌ಕಾಕ್ಸ್' ತಂಡದೊಂದಿಗೆ ಬ್ರಿಟನ್ ಪ್ರವಾಸ ಸಿಕ್ಕಿತು. ಹುಡುಗರು ಕೆಲಸ ಬಿಡಲು ಸಾಧ್ಯವಾದದ್ದು ಆಗಲೇ. ಆದರೆ ಕಚೇರಿ ಹೋದ ಜಾಗಕ್ಕೆ ವಿಶ್ರಾಂತಿ ಬರಲಿಲ್ಲ. ಊರಿಂದೂರಿಗೆ ಇನ್ನಷ್ಟು ರಾತ್ರಿಗಳು ಬಂದವು. ಕಾಯಿಲೆ ವೇದಿಕೆಯ ಮೇಲೂ ಬಿಡಲಿಲ್ಲ. 1980ರ ಮೇ 18ರಂದು, ಮೊದಲ ಅಮೆರಿಕ ಪ್ರವಾಸಕ್ಕೆ ಹೊರಡುವ ಹೊತ್ತಿಗೆ, ಕರ್ಟಿಸ್ ತನ್ನ ಬದುಕನ್ನು ಕೊನೆಗೊಳಿಸಿಕೊಂಡ. ವಯಸ್ಸು 23. ಉಳಿದ ಮೂವರು 'ನ್ಯೂ ಆರ್ಡರ್' ಎಂಬ ಹೆಸರಿನಲ್ಲಿ ಮುಂದುವರಿದರು. ಆ ಹೊತ್ತಿಗೆ ಅವರಲ್ಲಿ ಯಾರಿಗೂ ಬೇರೆ ನೌಕರಿ ಇರಲಿಲ್ಲ.