8ಎಕ್ಸ್ ಸ್ಕೋಪ್ ಇದ್ರೂ ಗುರಿ ತಪ್ಪೋದು ಯಾಕೆ?

ಬಿಜಿಎಂಐ ಆಡೋರಿಗೆ ಗೊತ್ತು, 8ಎಕ್ಸ್ ಸ್ಕೋಪ್ ಕೈಗೆ ಸಿಕ್ಕಿದ್ರೆ ಹಬ್ಬ. ನಂಬರ್ ದೊಡ್ಡದಾದಷ್ಟೂ ಗುರಿ ಗ್ಯಾರಂಟಿ ಅನ್ನೋ ಲೆಕ್ಕ. ನಿಜವಾದ ರೈಫಲ್ ಸ್ಕೋಪಿನ ಕಥೆ ಬೇರೆ. ದೂರದ್ದನ್ನು ಹತ್ತಿರ ತೋರಿಸೋ ದುರ್ಬೀನು 1600ರ ದಶಕದಲ್ಲೇ ಬಂದಿತ್ತು. ಅದರಿಂದ ನಂಬಿಕೆಯಿಟ್ಟು ಗುರಿ ಹಿಡಿಯೋಕೆ ಇನ್ನೂ ಮುನ್ನೂರು ವರ್ಷ ಬೇಕಾಯ್ತು.

ಮೊದಲ ಸಹಾಯ ಮಾಡಿದ್ದು ಒಂದು ಜೇಡ! 1640ರ ಆಸುಪಾಸಿನಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯಿನ್ ಎಂಬ ಖಗೋಳ ಆಸಕ್ತನ ದುರ್ಬೀನಿನೊಳಗೆ ಜೇಡ ಎಳೆ ಕಟ್ಟಿತ್ತು. ಇಣುಕಿದರೆ ಎಳೆಯೂ ಸ್ಪಷ್ಟ, ದೂರದ ವಸ್ತುವೂ ಸ್ಪಷ್ಟ. ಕ್ರಾಸ್‌ಹೇರ್ ಹುಟ್ಟಿದ್ದು ಹೀಗೆ. ಅವನು ಅದನ್ನು ಬಳಸಿದ್ದು ಆಕಾಶ ಅಳೆಯೋಕೆ, ಕೋವಿಗಲ್ಲ. 1644ರಲ್ಲಿ ಮಾರ್ಸ್ಟನ್ ಮೂರ್ ಯುದ್ಧದಲ್ಲಿ ಸತ್ತುಹೋದ.

1855ರಲ್ಲಿ ಅಮೆರಿಕದ ಸಿರಾಕ್ಯೂಸ್‌ನಲ್ಲಿ ವಿಲಿಯಂ ಮಾಲ್ಕಂ ರೈಫಲ್ ಸ್ಕೋಪ್‌ಗಳನ್ನು ಮಾಡಿ ಮಾರತೊಡಗಿದ. ಉದ್ದುದ್ದ ಕೊಳವೆಗಳು, ಹೆಚ್ಚುಕಡಿಮೆ ಕೋವಿಯ ನಳಿಗೆಯಷ್ಟೇ ಉದ್ದ. ಮುಂದೆ ಪಿಟ್ಸ್‌ಬರ್ಗ್‌ನ ಜಾನ್ ಉನೆರ್ಟ್ಲ್ ಮಾಡಿದ ಟಾರ್ಗೆಟ್ ಸ್ಕೋಪ್‌ಗಳು ಕೂಡ ಇದೇ ವಂಶದವು. ಗುಂಡು ಹಾರಿದಾಗ ಕೊಳವೆ ಮುಂದಕ್ಕೆ ಜಾರುತ್ತಿತ್ತು, ಪ್ರತಿ ಸಲ ಕೈಯಿಂದ ಹಿಂದಕ್ಕೆ ಎಳೆದುಕೊಳ್ಳಬೇಕು. ಮಲಗಿಕೊಂಡು ಕಾಗದಕ್ಕೆ ಹೊಡೆಯೋರಿಗೆ ಪರವಾಗಿಲ್ಲ. ಮರದಿಂದ ಮರಕ್ಕೆ ಹಾರೋ ಅಳಿಲಿನ ಹಿಂದೆ ಕಾಡಲ್ಲಿ ಓಡಾಡೋನಿಗೆ? ಜೂಮ್ ಹೆಚ್ಚಿದಷ್ಟೂ ಕಾಣೋ ಜಾಗ ಕಿರಿದಾಗುತ್ತೆ. ಅಳಿಲು ಎಲ್ಲಿದೆ ಅಂತ ಹುಡುಕೋದರಲ್ಲೇ ಅದು ಮಾಯ.

ಆ ಸಾಮಾನ್ಯ ಬೇಟೆಗಾರನಿಗೆ ಸ್ಕೋಪ್ ತಲುಪಿಸಿದ್ದು ಬಿಲ್ ವೀವರ್. 1930ರಲ್ಲಿ ಅವನು ತಂದ 330 ಮಾಡೆಲ್‌ನ ಶಕ್ತಿ ಮೂರು ಎಕ್ಸ್ ಕೂಡ ಇರಲಿಲ್ಲ. ಬೆಲೆ 19 ಡಾಲರ್. ನನ್ನ ಪ್ರಕಾರ ಸ್ಕೋಪ್ ಚರಿತ್ರೆಯ ದೊಡ್ಡ ತಿರುವು ಇದೇ, ಯಾವ 20ಎಕ್ಸ್ ಕೂಡ ಅಲ್ಲ.

ಈಗ ಅಸಲಿ ವಿಲನ್: ಪ್ಯಾರಲಾಕ್ಸ್. ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಜಿಗಿಯುತ್ತೆ ಅಲ್ವಾ? ಸ್ಕೋಪಿನಲ್ಲೂ ಅಷ್ಟೇ. ಕಣ್ಣು ನಡುವಿನಿಂದ ಸ್ವಲ್ಪ ಸರಿದರೆ ಕ್ರಾಸ್‌ಹೇರ್ ಗುರಿಯ ಮೇಲೆ ತೇಲುತ್ತೆ. ಒಂದು ನಿಗದಿತ ದೂರದಲ್ಲಿ ಮಾತ್ರ ಈ ತೇಲಾಟ ಇರಲ್ಲ. ದೊಡ್ಡ ಬೇಟೆಯ ಸ್ಕೋಪ್‌ಗಳಲ್ಲಿ ಆ ದೂರ ಸಾಮಾನ್ಯವಾಗಿ 100 ಗಜ ಅಥವಾ ಹೆಚ್ಚು; .22 ರೈಫಲ್‌ನ ಸ್ಕೋಪ್‌ಗಳಲ್ಲಿ ಸುಮಾರು 50. ಲೆಕ್ಕ ಹಾಕೋಣ. ಮುಂದಿನ ಲೆನ್ಸ್ 40 ಮಿ.ಮೀ., 100 ಗಜಕ್ಕೆ ಹೊಂದಿಸಿದ್ದು, ಅಳಿಲು ಇರೋದು 25 ಗಜದಲ್ಲಿ. ಕಣ್ಣು ಪೂರ್ತಿ ಅಂಚಿಗೆ ಸರಿದರೆ ತಪ್ಪು 15 ಮಿ.ಮೀ.ವರೆಗೆ ಹೋಗಬಹುದು. ಜಿಂಕೆಗೆ ಅದು ಲೆಕ್ಕಕ್ಕಿಲ್ಲ. ಅಳಿಲಿನ ತಲೆಗೆ ಗುರಿಯಿಟ್ಟಿದ್ದರೆ, ಅದು ತಕ್ಷಣ ಸಾಯೋದಕ್ಕೂ ಗಾಯಗೊಂಡು ಪೊಟರೆಯಲ್ಲಿ ನರಳೋದಕ್ಕೂ ಇರೋ ಅಂತರ ಅಷ್ಟೇ. ಉನೆರ್ಟ್ಲ್ ಸ್ಕೋಪ್‌ಗಳಲ್ಲಿ ಮುಂದಿನ ಲೆನ್ಸ್ ತಿರುಗಿಸಿ ದೂರಕ್ಕೆ ಹೊಂದಿಸಬಹುದಿತ್ತು. ಅವು ಆ ಕಾಲಕ್ಕೇ ದುಬಾರಿ, ಭಾರ ಬೇರೆ.

ಮಂಜಿನದ್ದು ಇನ್ನೊಂದು ಗೋಳು. ಒಳಗೆ ತೇವ ಸೇರಿದರೆ ಗಾಜಿನ ಮೇಲೆ ಹಬೆ, ಏನೂ ಕಾಣಲ್ಲ. ಅಮೆರಿಕದ ಲ್ಯೂಪೋಲ್ಡ್ ಕಂಪನಿ 1947ರಲ್ಲಿ ಒಳಗಿನ ಗಾಳಿ ತೆಗೆದು ನೈಟ್ರೋಜನ್ ತುಂಬಿದ ಸ್ಕೋಪ್ ತಂದಿತು. ಅದರ ಮಾಲೀಕರಲ್ಲೊಬ್ಬರಾದ ಮಾರ್ಕಸ್ ಲ್ಯೂಪೋಲ್ಡ್ ಹಬೆಗಟ್ಟಿದ ಸ್ಕೋಪಿನಿಂದಾಗಿ ಜಿಂಕೆಯೊಂದನ್ನು ತಪ್ಪಿಸಿಕೊಂಡಿದ್ದೇ ಇದಕ್ಕೆ ಕಾರಣ ಅಂತಾರೆ.

ನಮ್ಮಲ್ಲಿ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಮೋಜಿನ ಬೇಟೆಯ ಪ್ರಶ್ನೆಯೇ ಇಲ್ಲ, ಉಳಿದಿದ್ದು ಕಾಗದದ ಗುರಿ. ಅಲ್ಲೊಂದು ತಮಾಷೆಯಿದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಒಲಿಂಪಿಕ್ಸ್ ನಿಯಮದ ಪ್ರಕಾರ ಅದಕ್ಕೆ ಸ್ಕೋಪ್ ಹಾಕೋ ಹಾಗೇ ಇಲ್ಲ. ಹಿಂದೆ ಒಂದು ಸಣ್ಣ ತೂತು, ಮುಂದೆ ಒಂದು ಉಂಗುರ. ಅಷ್ಟರಲ್ಲೇ ಹೊಡೀಬೇಕು.