ಚರ್ಚಿನ ಅಡುಗೆಮನೆಗೆ ಬರೆದಿಟ್ಟ ಊರು, ಊರಲ್ಲೇ ಬಡಿಸಿದ ಊಟ

ಪಬ್ ಅಂದ ಕೂಡಲೇ ನಮಗೆ ನೆನಪಾಗುವುದು ಬೆಂಗಳೂರಿನ ಮಂದ ಬೆಳಕು, ಜೋರು ಸಂಗೀತ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಾಗಲ್ಲ. 'ಪಬ್ಲಿಕ್ ಹೌಸ್', ಅಂದರೆ ಎಲ್ಲರಿಗೂ ಬಾಗಿಲು ತೆರೆದ ಮನೆ. ಅದರ ಮೊಟಕು ಹೆಸರೇ ಪಬ್. ದಾರಿಹೋಕರಿಗೆ ಊಟ, ಊರವರಿಗೆ ಬಿಯರು, ಜೊತೆಗೆ ಹರಟೆ. ಅಂಥ ಒಂದು ಪಬ್ಬಿನ ಚರಿತ್ರೆ ಇದು.

ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ ಕೆಂಟ್ ಪ್ರಾಂತ್ಯವಿದೆ. ಅದರ ಉತ್ತರ ಕರಾವಳಿಯ ಊರು ಸೀಸಾಲ್ಟರ್. ಒಂದು ಕಡೆ ಕಡಲು ತಡೆಯುವ ಒಡ್ಡು, ಇನ್ನೊಂದು ಕಡೆ ಜೌಗು ಹುಲ್ಲುಗಾವಲು. ಇವುಗಳ ನಡುವೆ ಒಂಟಿಯಾಗಿ ನಿಂತಿದೆ 'ದಿ ಸ್ಪೋರ್ಟ್ಸ್‌ಮನ್' ಪಬ್. ಈ ಜಾಗದಲ್ಲಿ 1642ರಿಂದಲೂ ತಂಗುಮನೆ ಇದೆ.

ಊರು ಅದಕ್ಕಿಂತ ಎಷ್ಟೋ ಹಳೆಯದು. ಹಿಂದೆ ಇಲ್ಲಿ ಉಪ್ಪು ತಯಾರಾಗುತ್ತಿತ್ತು. ಹೆಸರಿನಲ್ಲಿರುವ 'ಸಾಲ್ಟ್' ಬಂದದ್ದು ಅದರಿಂದಲೇ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆ, ಯಾರ ಕೈಯಲ್ಲಿ ಎಷ್ಟು ಭೂಮಿ ಇದೆ, ಅದರಿಂದ ಎಷ್ಟು ಹುಟ್ಟುವಳಿ ಎಂದು ಊರೂರಿನ ಲೆಕ್ಕ ಬರೆಸಿದ. 1086ರ ಆ ದಾಖಲೆಯ ಹೆಸರು 'ಡೂಮ್ಸ್‌ಡೇ ಬುಕ್'. ಅದನ್ನು ಇಡೀ ದೇಶದ ಪಹಣಿ ಅನ್ನಬಹುದು. ಸೀಸಾಲ್ಟರ್ ಕ್ಯಾಂಟರ್ಬರಿಯ ದೊಡ್ಡ ಚರ್ಚಿನ ಅಡುಗೆಮನೆಗೆ ಸೇರಿದ್ದು ಎಂದು ಅದರಲ್ಲಿ ಬರೆದಿದೆ. ಆ ಪಟ್ಟಣ ಇರುವುದು ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ. ದುಡಿದದ್ದು ಈ ಊರು, ಎಲೆ ಹಾಕಿದ್ದು ಅಲ್ಲಿ.

ಈಚಿನ ದಶಕಗಳಲ್ಲಿ ಬ್ರಿಟನ್ನಿನಲ್ಲಿ ಸಾವಿರಾರು ಪಬ್ಬುಗಳು ಮುಚ್ಚಿವೆ. ಸೂಪರ್‌ಮಾರ್ಕೆಟ್ಟಿನಲ್ಲಿ ಬಿಯರು ಅಗ್ಗ, ಪಬ್ಬಿಗೆ ತೆರಿಗೆಯ ಹೊರೆ. ಎಷ್ಟೋ ಕಡೆ ಪಬ್ ನಡೆಸುವುದಕ್ಕಿಂತ ಕಟ್ಟಡವನ್ನು ವಾಸದ ಮನೆಯಾಗಿ ಮಾರಿದರೇ ಹೆಚ್ಚು ಹಣ. ಉಳಿಯಬೇಕಾದರೆ ಊಟದಿಂದಲೇ ಉಳಿಯಬೇಕು ಎಂಬ ಸ್ಥಿತಿ ಹಲವು ಪಬ್ಬುಗಳದ್ದು.

ಸ್ಪೋರ್ಟ್ಸ್‌ಮನ್ ಅನ್ನು 1999ರಲ್ಲಿ ಸ್ಟೀಫನ್ ಹ್ಯಾರಿಸ್ ವಹಿಸಿಕೊಂಡರು. ಅವರು ಅಡುಗೆಯನ್ನು ತಾವಾಗಿಯೇ ಕಲಿತವರು. ಸುತ್ತಲಿನ ನೆಲವನ್ನೇ ಉಗ್ರಾಣ ಮಾಡಿಕೊಂಡರು. ಕಡಲ ನೀರು ಕಾಯಿಸಿ ಉಪ್ಪು ತೆಗೆದರು, ಬೆಣ್ಣೆಯನ್ನೂ ಅಲ್ಲೇ ಕಡೆದರು. ಜೌಗಿನ ಪಕ್ಕದ ಹೊಲದಿಂದ ಕುರಿಮಾಂಸ, ಎದುರಿನ ಕಡಲಿನಿಂದ ಮೀನು. ಸಮುದ್ರದ ಪಾಚಿ ಬೆರೆಸಿದ ಬೆಣ್ಣೆಯಲ್ಲಿ ಬೇಯಿಸಿದ ಸೋಲ್ ಮೀನು ಇಲ್ಲಿನ ಹೆಸರಾದ ತಿನಿಸು. ಪಕ್ಕದ ವಿಟ್‌ಸ್ಟೇಬಲ್ ಆಯ್ಸ್ಟರ್ ಚಿಪ್ಪುಮೀನಿಗೆ ಪ್ರಸಿದ್ಧ. ಅಲ್ಲಿನ ನಾಟಿ ತಳಿ ಬೇಸಿಗೆಯಲ್ಲಿ ಮರಿ ಮಾಡುವುದರಿಂದ ಆಗ ಹಿಡಿಯುವುದಿಲ್ಲ. ಕಾಲಕ್ಕೆ ತಕ್ಕ ಊಟ ಎಂಬುದು ಇಲ್ಲಿ ಶೋಕಿಯಲ್ಲ, ಮುಂದಿನ ವರ್ಷಕ್ಕೂ ಉಳಿಯಲಿ ಎಂಬ ಕಟ್ಟಳೆ.

2008ರಲ್ಲಿ ಮಿಶೆಲಿನ್ ತಾರೆ ಬಂತು. 2016 ಮತ್ತು 2017ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ರೆಸ್ಟೋರೆಂಟ್ ಪ್ರಶಸ್ತಿಯಲ್ಲಿ ಮೊದಲ ಸ್ಥಾನವೂ ಸಿಕ್ಕಿತು. ಹಾಗಂತ ಎಲ್ಲ ಒಳ್ಳೆಯದೇ ಆಯಿತು ಅನ್ನಲಾಗದು. ಹೆಸರಿನ ಜೊತೆ ಬೆಲೆಯೂ ಏರಿತು. ಕೂಲಿಯವರು ದಿನಾ ಹೋಗಿ ಉಣ್ಣುವ ಜಾಗ ಅದಲ್ಲ.

ಆದರೂ ಒಂದು ಮಾತು ನಿಜ. ಒಂಬೈನೂರು ವರ್ಷದ ಹಿಂದೆ ಸೀಸಾಲ್ಟರಿನ ಹುಟ್ಟುವಳಿ ಪಟ್ಟಣದ ಅಡುಗೆಮನೆಯ ಪಾಲಾಗಿತ್ತು. ಈಗ ಅದನ್ನು ಉಣ್ಣಲು ಪಟ್ಟಣದವರೇ ಊರಿಗೆ ಬರುತ್ತಾರೆ, ದುಡ್ಡೂ ಅಲ್ಲೇ ಬೀಳುತ್ತದೆ. ನಮ್ಮ ಸಂತೆಯಿಂದ ಲಾರಿ ಹತ್ತಿ ಹೋಗುವ ತರಕಾರಿ ನೋಡುವಾಗ ಈ ಪಬ್ಬಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬಹುದು.