ಬೆಡಿಮದ್ದು ಕಾಯಿದೆಯ ಕಣ್ಣಿನಲ್ಲಿ

ಕಾಸರಗೋಡು ಸೀಮೆಯಲ್ಲಿ ಜಾತ್ರೆಗೂ ಬೆಡಿಗೂ ಬಿಡದ ನಂಟು. ಕುಂಬಳೆ ಕಣಿಪುರ ಶ್ರೀ ಗೋಪಾಲಕೃಷ್ಣ ದೇವರ ವಾರ್ಷಿಕೋತ್ಸವಕ್ಕೆ ‘ಕುಂಬಳೆ ಬೆಡಿ’ ಎಂಬ ಹೆಸರೇ ನಿಂತಿದೆ. ಭಕ್ತಾದಿಗಳಿಗೆ ಅದು ದೇವರ ಸೇವೆ. ಕಾಯಿದೆಗೆ ಮಾತ್ರ ಅದು ಸ್ಫೋಟಕ.

ಸ್ಫೋಟಕಗಳ ಕಾಯಿದೆ ಬಂದುದು 1884ರಲ್ಲಿ. ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಈ ನಾಡು ಕೇರಳದ ಪಾಲಾಯಿತು. ಕಾಯಿದೆ ಮಾತ್ರ ತಿದ್ದುಪಡಿಗಳೊಂದಿಗೆ ಹಾಗೆಯೇ ಉಳಿಯಿತು. ಅದರ 4ನೆಯ ಕಲಮಿನಲ್ಲಿ ಕೋವಿಮದ್ದು, ನೈಟ್ರೋಗ್ಲಿಸರಿನ್ ಮುಂತಾದವುಗಳ ಸಾಲಿನಲ್ಲೇ ಬಾಣಬಿರುಸುಗಳೂ ಇವೆ. ಬಂಡೆ ಒಡೆಯುವ ಮದ್ದಿಗೂ ದೇವರ ಮುಂದೆ ಸುಡುವ ಮದ್ದಿಗೂ ಅಲ್ಲಿ ಪಂಕ್ತಿಭೇದವಿಲ್ಲ! ಸ್ಫೋಟದಿಂದ ಕೆಲಸ ಸಾಧಿಸಲೆಂದೋ ಬೆಂಕಿಯ ಚಮತ್ಕಾರ ತೋರಿಸಲೆಂದೋ ತಯಾರಿಸಿದ ಅಥವಾ ಬಳಸಿದ ಯಾವ ವಸ್ತುವಾದರೂ ಸ್ಫೋಟಕವೇ. ಪೆಟ್ಲುಪ್ಪು ಗೊಬ್ಬರಕ್ಕೂ ಆಗುತ್ತದೆ, ಇದ್ದಲು ಒಲೆಗೂ ಆಗುತ್ತದೆ. ನೂರು ಪಾಲಿನಲ್ಲಿ ಪೆಟ್ಲುಪ್ಪು 75, ಇದ್ದಲು 15, ಗಂಧಕ 10 ಸೇರಿಸಿ ಅರೆದರೆ ಅದೇ ಕೋವಿಮದ್ದು.

1908ರ ಏಪ್ರಿಲ್ 30ರಂದು ಮುಜಫರಪುರದಲ್ಲಿ ಕ್ರಾಂತಿಕಾರಿಗಳು ಬಾಂಬು ಎಸೆದರು. ಆರು ವಾರ ಕಳೆಯುವ ಮೊದಲೇ ಸರಕಾರ ಸ್ಫೋಟಕ ವಸ್ತುಗಳ ಕಾಯಿದೆಯನ್ನು ತಂದಿತು. ಇದರ ಬಲೆ ಇನ್ನೂ ದೊಡ್ಡದು: ಸ್ಫೋಟಕ ತಯಾರಿಸುವ ಸಾಮಗ್ರಿ, ಸಲಕರಣೆಗಳೂ ಇದರೊಳಗೆ ಬಂದವು. ಸಂಶಯಾಸ್ಪದವಾಗಿ ಇಟ್ಟುಕೊಂಡವನು ತನ್ನ ಉದ್ದೇಶ ನ್ಯಾಯವಾದುದೆಂದು ತಾನೇ ತೋರಿಸಬೇಕು. ಬ್ರಿಟಿಷರು ಹೋದರೂ ಈ ಕಾಯಿದೆ ಹೋಗಲಿಲ್ಲ.

ಕ್ಲೋರೇಟಿನ ಕತೆ ಬೇರೆ. ಗಂಧಕದೊಡನೆ ಅದು ಬೆರೆತರೆ ಸಣ್ಣ ತಿಕ್ಕಾಟಕ್ಕೂ ಹೊತ್ತಿಕೊಳ್ಳುತ್ತದೆ. ಆ ಮಿಶ್ರಣವನ್ನು 1992ರಲ್ಲಿ ಕೇಂದ್ರ ಸರಕಾರ ನಿಷೇಧಿಸಿತು. ಹೆಚ್ಚು ಸದ್ದಿನ ಆಸೆಗೆ ಇದನ್ನು ಬೆರೆಸಿದ ಬೆಡಿಗೆ ಯಾವ ಪರವಾನಗಿಯ ರಕ್ಷಣೆಯೂ ಇಲ್ಲ.

ಕಾಯಿದೆ ಇಷ್ಟು ಬಿಗಿಯೇಕೆ ಎಂದು ಜಾತ್ರೆಯ ಹುರುಪಿನಲ್ಲಿ ಕೇಳುವವರಿದ್ದಾರೆ. 1952ರ ಮಕರ ಸಂಕ್ರಮಣದಂದು ಶಬರಿಮಲೆಯಲ್ಲಿ ಸುಡುಮದ್ದು ಸಿಡಿದು 68 ಮಂದಿ ಮಡಿದರು. 2016ರ ಏಪ್ರಿಲ್ 10ರಂದು ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಿಯ ಸನ್ನಿಧಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಜಿಲ್ಲಾಡಳಿತ ಅಲ್ಲಿ ಅನುಮತಿಯನ್ನೇ ಕೊಟ್ಟಿರಲಿಲ್ಲ. 2024ರ ಅಕ್ಟೋಬರ್ 28ರ ರಾತ್ರಿ ನಮ್ಮ ಜಿಲ್ಲೆಯ ನೀಲೇಶ್ವರದಲ್ಲೇ, ಪಟಾಕಿ ದಾಸ್ತಾನಿಟ್ಟ ಕೋಣೆಗೆ ಕಿಡಿ ತಗಲಿತು. ಆ ಕೋಣೆಯ ಪಕ್ಕದಲ್ಲೇ ಹೆಂಗಸರು ಮಕ್ಕಳು ಸೇರಿ ತೆಯ್ಯಂ ನೋಡುತ್ತಿದ್ದರು. 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅವರಲ್ಲಿ ಕೆಲವರು ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ.